ಇಲಿಯ ಹೊಟ್ಟೆ ಮತ್ತು ಊರೆಲ್ಲರ ಅನುಮಾನ

ಕೆಲವರ ಮುಖ ಕಂಡರೆ ಜನ ದಾರಿ ಕೇಳುತ್ತಾರೆ. ನನ್ನ ಮುಖ ಕಂಡರೆ ಬ್ಯಾಗು ತೆರೆದು ತೋರಿಸಿ ಅನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದೋ ಉದ್ಯೋಗದಿಂದ ಬಂದದ್ದೋ ಹೇಳಲಾರೆ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ತುಮಕೂರು ಬಿಟ್ಟು ಅಹಮದಾಬಾದಿನ ಒಂದು ಔಷಧ ಪ್ರಯೋಗಾಲಯಕ್ಕೆ ಸೇರಿದೆ. ಇಲಿಗೆ ಔಷಧ ಕೊಟ್ಟರೆ ಅದು ರಕ್ತಕ್ಕೆ ಎಷ್ಟು ಸೇರಿತು, ಯಕೃತ್ತು ಅದನ್ನು ಏನು ಮಾಡಿತು, ಕೊನೆಗೆ ಯಾವ ದಾರಿಯಲ್ಲಿ ಹೊರಬಿತ್ತು ಎಂದು ಯಂತ್ರದಲ್ಲಿ ಅಳೆದು ಹೇಳುವುದು ನನ್ನ ಕೆಲಸ. ಕೆಲಸ ತಾತ್ಕಾಲಿಕ. ಮೊದಲ ದೊಡ್ಡ ಅಧ್ಯಯನ ನೆಟ್ಟಗೆ ಮುಗಿಸಿದರೆ ಕಾಯಂ ಮಾಡುತ್ತೇವೆ ಎಂದಿದ್ದರು.

ಊರಿನ ಶಾಲೆಯಲ್ಲಿ ಟೀಚರಾಗಿದ್ದ ನನ್ನ ಹೆಂಡತಿ, ನೀವು ಕಾಯಂ ಆಗುವ ತನಕ ನಾನು ರಾಜೀನಾಮೆ ಕೊಡುವುದಿಲ್ಲ, ಅಲ್ಲಿಗೆ ಬರುವುದೂ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. "ಇಲಿ ಉಚ್ಚೆ ಅಳೆಯೋಕೆ ಯಾರಾದ್ರೂ ಸಂಬಳ ಕೊಡ್ತಾರೇನ್ರೀ? ಸರಿಯಾಗಿ ವಿಚಾರಿಸಿದ್ರಾ?" ಎಂಬುದು ಅವಳ ಅನುಮಾನ. ಅಲ್ಲಿ ಹತ್ತಿಕೊಂಡ ಅನುಮಾನ ಗುಜರಾತಿನ ಉದ್ದಗಲಕ್ಕೂ ನನ್ನ ಬೆನ್ನು ಬಿಡಲಿಲ್ಲ.

ಬಾಡಿಗೆ ಮನೆ

ಅಹಮದಾಬಾದಿನ ವಸ್ತ್ರಾಪುರದ ಕೆರೆಯ ಹಿಂದೆ ಒಂದು ಮನೆ ನೋಡಿದೆ. ಮಾಲೀಕರು ಬಿಳಿ ಕುರ್ತಾದ ಹಿರಿಯರು. ಆ ಕಟ್ಟಡದಲ್ಲಿ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ. ಮಾಂಸ ತಿನ್ನುತ್ತೀರಾ ಎಂದು ಕೇಳಿದರು, ಇಲ್ಲ ಎಂದೆ. ಮೊಟ್ಟೆ? ಇಲ್ಲ. ಕೇಕು? ಮೊಟ್ಟೆ ಇಲ್ಲದ್ದು ಎಂದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಉದ್ಯೋಗ ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ಆಗ ನನಗೆ ನನ್ನ ಕೆಲಸದ ಮೇಲೆ ಬಹಳ ಅಭಿಮಾನ. ಇಲಿ, ಔಷಧ, ರಕ್ತ ಎಲ್ಲವನ್ನೂ ವಿವರವಾಗಿ ಹೇಳಿಬಿಟ್ಟೆ.

ಹಿರಿಯರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು. "ಆ ಇಲಿಗಳಿಗೆ ತಿನ್ನೋಕೆ ಏನು ಕೊಡ್ತೀರಿ?"

"ಗೋಧಿ, ಜೋಳ, ಸೋಯಾ ಸೇರಿಸಿ ಮಾಡಿದ ಉಂಡೆ."

"ಈರುಳ್ಳಿ ಬೆಳ್ಳುಳ್ಳಿ ಹಾಕ್ತಾರಾ?"

"ಇಲ್ಲ."

"ನೀವು ತಿಂತೀರಾ?"

"ಈರುಳ್ಳಿ ತಿಂತೀನಿ."

ಹಿರಿಯರು ಮೇಜಿನ ಮೇಲಿದ್ದ ಬೀಗದ ಕೈಯನ್ನು ಕುರ್ತಾದ ಜೇಬಿಗೆ ಹಾಕಿಕೊಂಡರು. "ನೋಡಿ ಭಾಯ್, ಆ ಇಲಿಗಳಿಗಾದರೆ ಇವತ್ತೇ ಬೀಗದ ಕೈ ಕೊಡ್ತೀನಿ. ನಿಮ್ಮ ವಿಷಯ ವಿಚಾರ ಮಾಡಬೇಕು."

ಹೊಗೆಯಾಡುವ ಪೆಟ್ಟಿಗೆ

ಅಂತೂ ಅದೇ ಮನೆ ಸಿಕ್ಕಿತು. ಈರುಳ್ಳಿ ಬಿಟ್ಟೆ. ಅಷ್ಟರಲ್ಲಿ ನಮ್ಮ ಯಂತ್ರ ಕೆಟ್ಟಿತು. ರಿಪೇರಿ ಆಗುವ ತನಕ ಇಲಿಗಳ ರಕ್ತದ ಮಾದರಿಗಳನ್ನು ವಡೋದರಾದ ಇನ್ನೊಂದು ಪ್ರಯೋಗಾಲಯಕ್ಕೆ ನಾನೇ ರೈಲಿನಲ್ಲಿ ಒಯ್ಯಬೇಕಾಯಿತು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಣ ಮಂಜುಗಡ್ಡೆ ತುಂಬಿ, ಅದರೊಳಗೆ ಸಣ್ಣ ಸಣ್ಣ ನಳಿಕೆಗಳನ್ನು ಹುಗಿದಿಟ್ಟಿದ್ದೆ. ಒಣ ಮಂಜುಗಡ್ಡೆ ಸುಮ್ಮನೆ ಕೂರುವ ಪದಾರ್ಥವಲ್ಲ. ಸಂದಿಯಿಂದ ಬಿಳಿ ಹೊಗೆ ಬಿಡುತ್ತಲೇ ಇರುತ್ತದೆ. ಆಗಿನ ಕಾಲದಲ್ಲಿ ಅಲ್ಲಿನ ಪೊಲೀಸರಿಗೆ ಹೊಗೆಯಾಡದ ಪೆಟ್ಟಿಗೆಯ ಮೇಲೂ ಅನುಮಾನ. ಒಂದು ದಿನ ರೈಲಿನೊಳಗೆ ಪೇದೆಯೊಬ್ಬ ಬಂದು ಲಾಠಿಯಿಂದ ಪೆಟ್ಟಿಗೆ ತಟ್ಟಿದ.

"ಏನಿದು?"

"ಇಲಿ ರಕ್ತ ಸಾಹೇಬ್. ಔಷಧ ಎಷ್ಟು ಉಳಿದಿದೆ ಅಂತ ನೋಡ್ಬೇಕು."

"ಇಲಿಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ. ಆರೋಗ್ಯವಾಗಿತ್ತು."

ಪೇದೆಯ ಕಣ್ಣು ಕಿರಿದಾಯಿತು. "ಆರೋಗ್ಯವಾಗಿದ್ದದ್ದಕ್ಕೆ ಔಷಧ ಕೊಟ್ಟು, ಆಮೇಲೆ ರಕ್ತ ತೆಗೆದು, ಅದನ್ನ ಬೇರೆ ಊರಿಗೆ ಕಳಿಸಿ ಪರೀಕ್ಷೆ ಮಾಡಿಸ್ತೀರಾ? ಇದನ್ನ ನಾನು ನಂಬಬೇಕಾ?"

ಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಆ ರಕ್ತ ಕರಗಿದರೆ ಅಧ್ಯಯನ ಹೋಯಿತು, ಕೆಲಸ ಹೋಯಿತು, ಹೆಂಡತಿ ತುಮಕೂರಿನಲ್ಲೇ ಉಳಿದಳು. ಎದುರು ಸೀಟಿನ ಅಜ್ಜಿ ಅಷ್ಟು ಹೊತ್ತು ಥೇಪ್ಲಾ ರೊಟ್ಟಿ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೈ ಒರೆಸಿಕೊಂಡು, "ಬಿಡಪ್ಪಾ ಅವನನ್ನ, ಸುಳ್ಳು ಹೇಳ್ತಿಲ್ಲ. ನಮ್ಮ ಫ್ಯಾಮಿಲಿ ಡಾಕ್ಟರೂ ನನಗೆ ಹಾಗೇ ಮಾಡೋದು" ಎಂದರು.

ಅಲ್ಕಾಪುರಿಯ ಕಾಫಿ

ವಡೋದರಾಕ್ಕೆ ಹೋದಾಗಲೆಲ್ಲ ಅಲ್ಕಾಪುರಿಯ ಒಂದು ಉಡುಪಿ ಹೋಟೆಲಿನಲ್ಲಿ ಕಾಫಿ. ಮಾಲೀಕರು ಕುಂದಾಪುರದ ಕಡೆಯವರು. ವಾರಗಟ್ಟಲೆ ಕನ್ನಡ ಆಡದೆ ನಾಲಿಗೆ ತುಕ್ಕು ಹಿಡಿದಿತ್ತು. ಗಲ್ಲಾದ ಪಕ್ಕ ನಿಂತು, ಇಲಿಯನ್ನು ಜಾಲರಿ ತಳದ ಪಂಜರದಲ್ಲಿಟ್ಟು ಅದರ ಹಿಕ್ಕೆ ಬೇರೆ, ಮೂತ್ರ ಬೇರೆ ಸಂಗ್ರಹಿಸುವ ವಿಧಾನವನ್ನು ಹುರುಪಿನಿಂದ ಹೇಳತೊಡಗಿದೆ.

"ಹೋಯ್, ಮೆಲ್ಲ ಮಾತಾಡಿ ಮಾರಾಯ್ರೆ" ಎಂದರು ಮಾಲೀಕರು. "ಹೋಟ್ಲಲ್ಲಿ ನಿಂತು ಇಲಿ ಸುದ್ದಿ ಹೇಳುದಾ?"

"ಇಲ್ಲಿ ಯಾರಿಗೆ ಕನ್ನಡ ಬರುತ್ತೆ ಬಿಡಿ" ಎಂದೆ.

ಹಿಂದಿನ ಟೇಬಲ್ಲಿನಲ್ಲಿ ಒಬ್ಬರು ಸಾಂಬಾರಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. "ಏನ್ರೀ, ಹಿಕ್ಕಿ ಯಾವುದ್ರಾಗ ಬಂದಾವ್ರೀ? ನಾ ಆಗ್ಲೇ ಅರ್ಧಾ ಕುಡದೇನಿ" ಎಂದರು. ಹುಬ್ಬಳ್ಳಿಯಿಂದ ಬ್ಯಾಂಕಿನ ಕೆಲಸದ ಮೇಲೆ ವರ್ಗವಾಗಿ ಬಂದವರಂತೆ.

ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟು ನಕ್ಕರು. "ಅಯ್ಯೋ, ಎಂತ ಹಿಕ್ಕೆಯೂ ಇಲ್ಲ ಸಾರ್. ಇವರಿಗೆ ತಮಾಷೆ ಜಾಸ್ತಿ. ಇವರೂ ಬ್ಯಾಂಕಿನವರೇ."

ಹುಬ್ಬಳ್ಳಿಯವರು ಬಟ್ಟಲನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೌದೇನ್ರಿ, ಯಾವ ಬ್ರಾಂಚು?" ಎಂದರು.

ಸೂರತ್ತಿನ ಸೇಠ್

ಸೀರೆಗಳಿಗೆ ಬಣ್ಣ ತಯಾರಿಸುವ ಸೂರತ್ತಿನ ಸೇಠ್ ಒಬ್ಬರು, ತಮ್ಮ ಹೊಸ ನೇರಳೆ ಬಣ್ಣ ಮೈಯೊಳಗೆ ಸೇರಿದರೆ ಎಲ್ಲಿಗೆ ಹೋಗುತ್ತದೆ ಎಂದು ಪರೀಕ್ಷಿಸಲು ನಮಗೆ ಕಳಿಸಿದ್ದರು. ಇಲಿಗಳಿಗೆ ಕೊಟ್ಟ ಮರುದಿನ ಅವುಗಳನ್ನಿಟ್ಟ ಪ್ರಾಣಿಶಾಲೆ ನೋಡುವ ಹಾಗಿತ್ತು. ಇಲಿಗಳ ಕಿವಿ ನೇರಳೆ, ಬಾಲ ನೇರಳೆ, ತಟ್ಟೆಗೆ ಬಿದ್ದ ಮೂತ್ರವೂ ನೇರಳೆ. ಫಲಿತಾಂಶ ತಿಳಿಸಲು ನನ್ನನ್ನೇ ಸೂರತ್ತಿಗೆ ಅಟ್ಟಿದರು. ಸೇಠ್ ಮೊದಲಿಂದಲೂ ಅನುಮಾನದಲ್ಲೇ ಇದ್ದರು. ನಾವು ಅವರ ಬಣ್ಣ ಬಚ್ಚಿಟ್ಟು, ಪಕ್ಕದ ಕಾರ್ಖಾನೆಯ ಬಣ್ಣ ಕೊಟ್ಟಿರಬಹುದು ಎಂಬುದು ಅವರ ಲೆಕ್ಕಾಚಾರ.

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. "ಯಕೃತ್ತಿಗೆ ಇದನ್ನ ಒಡೆಯೋಕೆ ಆಗ್ಲಿಲ್ಲ ಸೇಠ್. ಮೂತ್ರಪಿಂಡಕ್ಕೂ ಆಗ್ಲಿಲ್ಲ. ಕೊಟ್ಟ ಬಣ್ಣದಲ್ಲಿ ಬಹುಪಾಲು ಹಾಗೇ ಹೊರಗೆ ಬಂತು."

"ಹಾಗೇ ಅಂದ್ರೆ? ಸ್ವಲ್ಪನೂ ಮಾಸಲಿಲ್ಲವಾ?"

"ಇಲ್ಲ."

ನಾನು ಬೈಗುಳಕ್ಕೆ ಮೈಯೊಡ್ಡಿ ಕೂತಿದ್ದೆ. ಸೇಠ್ ಎದ್ದು ನಿಂತು ಮಗನನ್ನು ಕೂಗಿದರು. "ಕೇಳಿದೆಯಾ? ಇಲಿಯ ಹೊಟ್ಟೆಯೊಳಗೆ ಹೋಗಿ ಬಂದರೂ ಬಣ್ಣ ಹೋಗಿಲ್ಲವಂತೆ. ನಾಳೆಯಿಂದ ಡಬ್ಬಿ ಮೇಲೆ ಇದನ್ನೇ ಹಾಕಿಸು."

ಶ್ರಾವಣದ ಉಪವಾಸ

ಕೊನೆಗೆ ನನ್ನ ಹಣೆಬರಹ ನಿರ್ಧರಿಸುವ ಅಧ್ಯಯನ ಬಂತು. ವಿದೇಶದ ಗಿರಾಕಿ, ಹೊಸ ಮಾತ್ರೆ. ಇಂಥ ಔಷಧವನ್ನು ಇಲಿಗೆ ಖಾಲಿ ಹೊಟ್ಟೆಯಲ್ಲೇ ಕೊಡಬೇಕು. ಸಂಜೆಯೇ ಪಂಜರದಿಂದ ಆಹಾರ ತೆಗೆದು, ಬರೀ ನೀರು ಇಟ್ಟು, ಬೆಳಿಗ್ಗೆ ಔಷಧ ಹಾಕುವುದು ಕ್ರಮ. ಹೊಟ್ಟೆ ಖಾಲಿಯಿದ್ದರೆ ಈ ಔಷಧ ಬೇಗ ರಕ್ತ ಸೇರುತ್ತದೆ, ತುಂಬಿದ್ದರೆ ಎಲ್ಲೋ ಸಿಕ್ಕಿಕೊಂಡು ಕೂರುತ್ತದೆ.

ಯಂತ್ರಕ್ಕೆ ರಕ್ತ ಹಾಕಿ ನೋಡಿದರೆ ಔಷಧ ಇದ್ದೂ ಇಲ್ಲದ ಹಾಗಿತ್ತು. ಮತ್ತೊಂದು ತಂಡದ ಇಲಿಗಳಲ್ಲೂ ಅದೇ ಕಥೆ. ನಮ್ಮ ಮುಖ್ಯಸ್ಥರು ಸ್ವಭಾವತಃ ಯಾರನ್ನೂ ನಂಬದ ಮನುಷ್ಯ. ತಮ್ಮ ಗಡಿಯಾರವನ್ನೇ ದಿನಕ್ಕೆರಡು ಸಲ ಗೋಡೆ ಗಡಿಯಾರದ ಜೊತೆ ತಾಳೆ ನೋಡುತ್ತಿದ್ದರು. ನನ್ನನ್ನು ಕರೆದು, "ನಿಮ್ಮ ಯಂತ್ರ ಮೊದಲೂ ಕೆಟ್ಟಿತ್ತಲ್ಲ? ಯಂತ್ರ ಸರಿಯಿದ್ದರೆ ಕೈ ಸರಿಯಿಲ್ಲ. ಹೀಗಾದರೆ ಕಾಯಂ ಮಾಡುವುದು ಕಷ್ಟ" ಎಂದರು. ಆ ವಾರ ಹೆಂಡತಿ ಫೋನು ಮಾಡಿದಾಗ, ರಾಜೀನಾಮೆ ಬರೆಯಬೇಡ ಎಂದಷ್ಟೇ ಹೇಳಿದೆ. ನಿಜವಾಗಿಯೂ ಹೆದರಿದ್ದೆ.

ಪ್ರಯೋಗಾಲಯದಲ್ಲಿ ಒಬ್ಬರ ಮೇಲೆ ಒಬ್ಬರಿಗೆ ಅನುಮಾನ ಹುಟ್ಟಿತು. ನನಗೆ ಪಂಜರ ತೊಳೆಯುವವನ ಮೇಲೆ, ಅವನಿಗೆ ಔಷಧ ಕಲಸುವವನ ಮೇಲೆ, ಕಲಸುವವನಿಗೆ ನನ್ನ ಮೇಲೆ. ಮುಖ್ಯಸ್ಥರಿಗೆ ಎಲ್ಲರ ಮೇಲೆ. ಅವರು ಅನುಮಾನಿಸದೆ ಉಳಿದದ್ದು ಗುಣಮಟ್ಟ ಪರಿಶೀಲಿಸುವ, ಅಕ್ಕ ಎಂಬರ್ಥದಲ್ಲಿ ಎಲ್ಲರೂ ಬೆಹೆನ್ ಎನ್ನುತ್ತಿದ್ದ ಹೆಂಗಸೊಬ್ಬರನ್ನೇ. ಆಕೆ ನಿಯಮದ ಒಂದಕ್ಷರ ಮೀರಿದವರಲ್ಲ. ಕೈಗವಸಿಲ್ಲದೆ ಬಾಗಿಲು ಮುಟ್ಟಿದ ಮುಖ್ಯಸ್ಥರನ್ನೇ ಒಮ್ಮೆ ಹೊರಗೆ ನಿಲ್ಲಿಸಿದ್ದರು. ಪ್ರಾಣಿಶಾಲೆಯ ಬೀಗದ ಕೈಯನ್ನು ಆಕೆಯ ವಶಕ್ಕೆ ಒಪ್ಪಿಸಿದರು. ಅಂದಿನಿಂದ ಸಂಜೆ ಇಲಿಗಳ ಆಹಾರವನ್ನು ಬೆಹೆನ್ ತಾವೇ ತೆಗೆದು, ತಾವೇ ಬೀಗ ಹಾಕಿ ಹೋಗುತ್ತಿದ್ದರು. ಆದರೂ ಫಲಿತಾಂಶ ಸುಧಾರಿಸಲಿಲ್ಲ. ಅನುಮಾನಕ್ಕೆ ಉಳಿದವನು ನಾನೊಬ್ಬನೇ.

ಕಡೆಗೆ, ಒಂದು ಇಲಿಯ ಹೊಟ್ಟೆ ಕೊಯ್ದು ನೋಡೋಣ ಎಂದು ಹಟ ಹಿಡಿದೆ. ಕೊಯ್ದರೆ, ರಾತ್ರಿಯಿಡೀ ಉಪವಾಸವಿದ್ದ ಇಲಿಯ ಹೊಟ್ಟೆ ಬಿರಿಯುವಷ್ಟು ತುಂಬಿತ್ತು. ಒಳಗೆ ಬೆಂದ ಸಬ್ಬಕ್ಕಿ, ಕಡಲೆಕಾಯಿಯ ಚೂರು, ಆಲೂಗಡ್ಡೆ. ನನಗೆ ಜೀವ ಬಂದಂತಾಯಿತು. ಆ ಹೊಟ್ಟೆಯನ್ನು ಗಾಜಿನ ತಟ್ಟೆಯಲ್ಲಿಟ್ಟುಕೊಂಡು ಮುಖ್ಯಸ್ಥರ ಕೋಣೆಗೆ ಓಡಿದೆ. ನನ್ನ ಹಿಂದೆ ಎಲ್ಲರೂ ಬಂದರು.

ಅಂದು ಶ್ರಾವಣ ಸೋಮವಾರ. ಮುಖ್ಯಸ್ಥರು ಉಪವಾಸದಲ್ಲಿದ್ದರು. ಅಲ್ಲಿನ ಉಪವಾಸವೆಂದರೆ ಅನ್ನ, ರೊಟ್ಟಿ, ಬೇಳೆ ಮುಟ್ಟದೆ 'ಫರಾಳಿ' ತಿಂಡಿಗಳಿಂದ ಹೊಟ್ಟೆ ತುಂಬಿಸಿಕೊಳ್ಳುವುದು. ಅವರ ಮುಂದೆಯೂ ಸಬ್ಬಕ್ಕಿ ಖಿಚಡಿಯ ಡಬ್ಬಿ ತೆರೆದಿತ್ತು. ತಟ್ಟೆ ನೋಡಿ ಅವರು ಚಮಚ ಕೆಳಗಿಟ್ಟರು.

"ಯಾರು ತಿನ್ನಿಸಿದ್ದು?" ಎಂದು ಗುಡುಗಿದರು.

"ನಾನೇ" ಎಂದರು ಬೆಹೆನ್, ಚೂರೂ ಅಳುಕದೆ.

ಆಕೆ ನಿಯಮದ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟರು.

"ನಿಯಮದಲ್ಲಿ ಮಾಮೂಲಿ ಆಹಾರ ತೆಗೆದು ಉಪವಾಸ ಇಡಬೇಕು ಅಂತಿದೆ. ತೆಗೆದೆ, ಇಟ್ಟೆ. ಶ್ರಾವಣ ಮಾಸದಲ್ಲಿ ಯಾವ ಜೀವವನ್ನೂ ಫರಾಳಿ ಕೊಡದೆ ಉಪವಾಸ ಕೆಡವೋದು ಮಹಾಪಾಪ ಸಾಹೇಬ್. ಮೊದಲ ತಂಡದ ಇಲಿಗಳಿಂದಲೂ ಮನೆಯಿಂದ ನನಗೆ ಮಾಡಿಕೊಂಡು ಬಂದಿದ್ದರಲ್ಲೇ ಕೊಡ್ತಿದ್ದೆ."

ನಾನು ಮುಖ್ಯಸ್ಥರ ಮುಖವನ್ನೇ ನೋಡುತ್ತಿದ್ದೆ. ನನ್ನ ಯಂತ್ರ ಗೆದ್ದಿತ್ತು, ಕೈ ಗೆದ್ದಿತ್ತು. ಈಗ ಸಿಡಿಯುತ್ತಾರೆ, ಈಗ ನನ್ನ ಕ್ಷಮೆ ಕೇಳುತ್ತಾರೆ ಎಂದು ಕಾದೆ. ಅವರು ತಮ್ಮ ಡಬ್ಬಿ ನೋಡಿದರು, ಇಲಿಯ ಹೊಟ್ಟೆ ನೋಡಿದರು, ಮತ್ತೆ ತಮ್ಮ ಡಬ್ಬಿ ನೋಡಿದರು. ಆಮೇಲೆ ದನಿ ತಗ್ಗಿಸಿ ಬೆಹೆನ್ ಅವರನ್ನು ಕೇಳಿದರು.

"ಉಪ್ಪು ಯಾವುದು ಹಾಕಿದ್ದು?"

"ಸೈಂಧವ ಲವಣವೇ ಸಾಹೇಬ್. ಮಾಮೂಲಿ ಉಪ್ಪು ಹಾಕಿ ಅವುಗಳ ವ್ರತ ಕೆಡಿಸ್ತೀನಾ?"

ಮುಖ್ಯಸ್ಥರು ನೆಮ್ಮದಿಯಿಂದ ಚಮಚ ಎತ್ತಿಕೊಂಡು ನನ್ನತ್ತ ತಿರುಗಿದರು. "ಕೇಳಿದಿರಲ್ಲ? ಉಪವಾಸ ಸರಿಯಾಗಿಯೇ ನಡೆದಿದೆ. ಹೋಗಿ, ನಿಮ್ಮ ಯಂತ್ರ ನೋಡಿ."