ಕಿಂಡಿ, ಸ್ಟೂಲು ಮತ್ತು ಮೂಳೆ ಡಾಕ್ಟರು

ಹೆಂಡತಿ ಪರಪುರುಷನ ರೂಪಕ್ಕೆ ಮರುಳಾದರೆ ಗಂಡ ಜಗಳವನ್ನಾದರೂ ಆಡಬಹುದು. ನನ್ನವಳು ಮರುಳಾದದ್ದು ಬರವಣಿಗೆಗೆ. ಅದೂ ಒಬ್ಬ ಮೂಳೆ ಡಾಕ್ಟರ ಬರವಣಿಗೆಗೆ. (ಮದುವೆಗೆ ಮುಂಚೆ ನಾನು ಬರೆದ ಹದಿನಾಲ್ಕು ಪತ್ರಗಳ ಬಗ್ಗೆ ಅವಳ ಅಭಿಪ್ರಾಯ ಇಂದಿಗೂ ಪ್ರಕಟವಾಗಿಲ್ಲ.)

ಅವಳದು ಮೆಡಿಕಲ್ ಕೋಡಿಂಗ್. ನಮ್ಮೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರುಗಳು ಬರೆದದ್ದನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಓದಿ, ಒಂದೊಂದು ಗಾಯಕ್ಕೂ ಗೊತ್ತುಪಡಿಸಿದ ಸಂಕೇತ ಹಾಕುವ ಕೆಲಸ. ವಿವರ ಸಾಲದಿದ್ದರೆ ಪ್ರಶ್ನೆ ಬರೆದು ವಾಪಸ್ ಕಳಿಸುತ್ತಾಳೆ.

“ಆ ಮೂಳೆ ಡಾಕ್ಟ್ರನ್ನ ನೋಡಿ ಕಲೀಬೇಕು ರೀ. ಎಡಗಡೆನೋ ಬಲಗಡೆನೋ, ಹೇಗೆ ಬಿದ್ರು, ಎಲ್ಲಿ ಬಿದ್ರು, ಎಲ್ಲಾ ಬರೀತಾರೆ. ನಿಮ್ಮನ್ನ ಕನ್ನಡಕ ಎಲ್ಲಿಟ್ರಿ ಅಂದ್ರೆ ‘ಅಲ್ಲೇ ಎಲ್ಲೋ’ ಅಂತೀರ.”

ನನಗೆ ಹೊಟ್ಟೆ ಉರಿಯುತ್ತಿತ್ತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಚ್ಚಿದ ಬಾಗಿಲ ಹಿಂದಿನಿಂದ ಅವಳು ಫೋನಿನಲ್ಲಿ, “ನಿಮ್ಮಷ್ಟು ಚೆನ್ನಾಗಿ ಯಾರೂ ಬರೆಯಲ್ಲ ಡಾಕ್ಟ್ರೇ” ಎಂದದ್ದು ಕಿವಿಗೆ ಬಿತ್ತು. ಬಾಗಿಲ ಮೇಲಿನ ಕಿಂಡಿಯಿಂದ ಅವಳ ಮುಖಾರವಿಂದವನ್ನು ಪರಿಶೀಲಿಸೋಣವೆಂದು ಸ್ಟೂಲ್ ಹತ್ತಿದೆ. ಅದರ ಒಂದು ಕಾಲು ಗಿಡ್ಡ. (ರಿಪೇರಿ ಮಾಡಿಸಿ ಎಂದು ಅವಳು ವರ್ಷದಿಂದ ಹೇಳುತ್ತಿದ್ದಳು.) ಸ್ಟೂಲ್ ವಾಲಿತು, ನಾನು ದಬಕ್ಕನೆ ಬಿದ್ದೆ. ಹಾವು ಸಾಯಲಿಲ್ಲ, ಕೋಲು ಮಾತ್ರ ಮುರಿಯಿತು.

ಅವಳಿಗೆ, “ಬಲ್ಬ್ ಬದಲಾಯಿಸ್ತಿದ್ದೆ” ಎಂದೆ. ಅದೇ ದೊಡ್ಡ ಆಸ್ಪತ್ರೆಯಲ್ಲಿ ಅವಳು ಹೊರಗೆ ಚೀಟಿ ಮಾಡಿಸುತ್ತಿದ್ದಾಗ ನನ್ನನ್ನು ನೋಡಿದ್ದು ಸಾಕ್ಷಾತ್ ಅದೇ ಡಾಕ್ಟರು. ಬೋಳು ತಲೆ, ಸುಸ್ತಾದ ಕಣ್ಣು. ಎಕ್ಸ್‌ರೇ ನೋಡಿದರು.

“ಎಡಗಡೆ ಕಾಲರ್ ಬೋನ್ ಮಧ್ಯದಲ್ಲಿ ಮುರಿದಿದೆ. ಜಾಗ ಬಿಟ್ಟಿಲ್ಲ. ಆಪರೇಷನ್ ಬೇಡ, ಆರು ವಾರ ಕೈ ಜೋಲಿಯಲ್ಲಿರ್ಲಿ.” ಜೋಲಿ ಹಾಕಿಸಿ ಬರೆಯಲು ಕೂತರು. “ಏನ್ ಮಾಡ್ತಾ ಬಿದ್ರಿ?”

“ಬಲ್ಬ್...”

“ಹಗಲು ಹನ್ನೊಂದಕ್ಕಾ? ನಿಜ ಹೇಳಿ ಸಾರ್. ಕೋಡಿಂಗಲ್ಲಿ ಒಬ್ರು ಮೇಡಂ ಇದಾರೆ. ಒಂದು ವಿವರ ತಾಳೆ ಆಗದಿದ್ರೂ ಫೈಲ್ ವಾಪಸ್ಸು. ಅವರ ಫೋನ್ ಬಂದ್ರೆ ನನಗೆ ಎದೆ ಡವಡವ. ಮೊದಲು ನಾನೂ ಎರಡೇ ಸಾಲು ಬರೀತಿದ್ದೆ.”

ಅಯ್ಯೋ ಪಾಪ, ಇಷ್ಟು ದಿನ ವೈರಿ ಎಂದುಕೊಂಡವರು ನನ್ನ ಸಮದುಃಖಿ. ಮನಸ್ಸು ಕರಗಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ. (ಹೆಂಡತಿ ಹೊಗಳುತ್ತಿದ್ದ ಗಂಡಸು ಯಾರೆಂಬುದನ್ನು ಮಾತ್ರ ನುಂಗಿಕೊಂಡೆ.) ಅವರು ಬರೆದದ್ದು ಕೊನೆಗೆ ಯಾರ ಮೇಜಿಗೆ ಹೋಗುತ್ತದೆ ಎಂಬುದು ಆ ಸಂತೋಷದಲ್ಲಿ ಮರೆತೇಹೋಯಿತು.

ಸೋಮವಾರ ಅವಳು ಕೋಣೆಯಿಂದ ಕರೆದಳು. “ಬನ್ನಿ ಇಲ್ಲಿ. ಬಾಗಿಲಿಂದಾನೇ ಬನ್ನಿ.”

ಪರದೆಯ ಮೇಲೆ ಹೀಗಿತ್ತು: ‘ಸ್ವಂತ ಮನೆಯಲ್ಲಿ, ಹೆಂಡತಿಯ ಕೋಣೆಯ ಕಿಂಡಿಯಲ್ಲಿ ಇಣುಕಲು ಹೋಗಿ, ಕಾಲು ಗಿಡ್ಡವಿದ್ದ ಸ್ಟೂಲಿನಿಂದ ಎಡಕ್ಕೆ ಬಿದ್ದರು. ಕಾರಣ: ಹೊಟ್ಟೆಕಿಚ್ಚು.’

“ಎರಡು ಸಲ ಓದಿದೆ. ಬಿದ್ದಿದ್ದಕ್ಕೆ ಕೋಡ್ ಇದೆ, ಮನೆಗೂ ಇದೆ. ಇಣುಕೋದಕ್ಕೆ ಮಾತ್ರ ಇಲ್ಲ,” ಎಂದಳು.

ಬೈಗುಳಕ್ಕೆ ಕಾದೆ, ಬರಲಿಲ್ಲ. ಬದಲಿಗೆ, ಅಂದು ಕಿಂಡಿಯಿಂದ ನೋಡಲಾಗದೆ ಹೋದ ಆ ಮುಗುಳ್ನಗೆ ಅವಳ ಮುಖದ ಮೇಲಿತ್ತು. ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಕತೆಯೊಂದನ್ನು ಅವಳು ಎರಡೆರಡು ಸಲ ಓದಿದ್ದಳು. ಮುರಿದ ಮೂಳೆ ಸಾರ್ಥಕವಾಯಿತು ಎಂದುಕೊಂಡೆ.

ಅವಳು ಫೋನ್ ಎತ್ತಿಕೊಂಡಳು.

“ಡಾಕ್ಟ್ರೇ, ಕಾಲರ್ ಬೋನ್ ಕೇಸು ಓದಿದೆ. ನೀವೂ ಇಷ್ಟು ಚೆನ್ನಾಗಿ ಯಾವತ್ತೂ ಬರೆದಿರಲಿಲ್ಲ. ಹೆಸರು ತೆಗೆದು, ಹೊಸ ಡಾಕ್ಟರುಗಳಿಗೆಲ್ಲ ಮಾದರಿ ಅಂತ ಕಳಿಸ್ತಿದೀನಿ.”