ವಾಲಿದ ಕುದುರೆ

ಬೆಳಿಗ್ಗೆ ಶ್ರುತಿ ಮಾಡಲು ನಿಂತ ಬಾಸ್ ವಾದಕನಿಗೆ ಮೊದಲು ಕಂಡದ್ದು ಕುದುರೆಯ ಓರೆ. ಪಿಟೀಲಿನ ದೊಡ್ಡಣ್ಣನಂತಿದ್ದ ಆಳೆತ್ತರದ ಆ ವಾದ್ಯದ ಹೊಟ್ಟೆಯ ಮೇಲೆ ನಿಂತು ನಾಲ್ಕು ದಪ್ಪ ತಂತಿಗಳನ್ನು ಹೊರುವ ಅಂಗೈಯಗಲದ ಮರದ ತುಂಡಿಗೆ ಕುದುರೆ ಎಂದು ಹೆಸರು. ನೆಟ್ಟಗಿರಬೇಕಾದ ಅದು ತೂಕಡಿಸುವ ಕಾವಲುಗಾರನಂತೆ ಮುಂದಕ್ಕೆ ವಾಲಿತ್ತು.

ಬೇರೆ ದಿನವಾಗಿದ್ದರೆ ಹಾಗೇ ಬಿಡುತ್ತಿದ್ದ. ಆದರೆ ನಿನ್ನೆಯಷ್ಟೇ ನಾಟಕದ ನಿರ್ದೇಶಕಿ ಅವನ ಬಾಸ್ ಕೇಳಿ, “ನನ್ನ ಕನಸಿನ ದೃಶ್ಯಕ್ಕೆ ಇದೇ ಸದ್ದು ಬೇಕಿತ್ತು! ನಾಳೆ ನಾಲ್ಕಕ್ಕೆ ಬನ್ನಿ. ಇನ್ನೊಂದ್ಸಲ ಕೇಳಿ ಕೆಲಸ ಖಾಯಂ ಮಾಡ್ತೀನಿ” ಅಂದಿದ್ದಳು. ಇಪ್ಪತ್ತು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಆಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ನೀಲಿ ಬೆಳಕು, ತನ್ನದೊಂದು ಉದ್ದನೆಯ ಸ್ವರ, ಅದರೊಳಗೆ ಮೆಲ್ಲಗೆ ನಡೆದುಹೋಗುವ ನಾಯಕಿ. ಹಲ್ಲುಜ್ಜುವಾಗಲೂ ಅದೇ ಕಣ್ಣ ಮುಂದೆ.

“ತಂತಿ ಒಂಚೂರು ಸಡಿಲ ಮಾಡಿ, ಎರಡೂ ಕೈಯಲ್ಲಿ ಹಿಂದಕ್ಕೆ ದೂಡಿದ್ರೆ ಆಯ್ತು” ಎಂದು ಹೆಂಡತಿಗೆ ಹೇಳಿದ. ಬಾಗಿಲು ತೆರೆದಿದ್ದದ್ದೇ ತಪ್ಪಾಯಿತು.

“ಮರದ ಕೆಲಸ ನನ್ನನ್ನ ಬಿಟ್ಟು ಮಾಡ್ತೀರಾ?” ಎದುರುಮನೆಯ ಬಡಗಿ ಮಾವ ಒಳಗೆ ಬಂದೇಬಿಟ್ಟ. ಕೆಲಸದಿಂದ ನಿವೃತ್ತನಾದ ಮೇಲೆ ಅವನ ಕೈ ತುರಿಸುತ್ತಲೇ ಇತ್ತು. ಹಿಂದೆಮುಂದೆ ನೋಡದೆ ನಾಲ್ಕೂ ತಂತಿ ಬಿಚ್ಚಿದ.

“ಅಯ್ಯೋ, ಎಲ್ಲಾ ಒಟ್ಟಿಗೆ ಬೇಡ!” ಅನ್ನುವಷ್ಟರಲ್ಲಿ ಹೊಟ್ಟೆಯೊಳಗೆ ಟಕ್ ಎಂದಿತು. ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಬರೀ ಒತ್ತಡದಿಂದ ನಿಂತಿದ್ದ ಕೋಲು ಉರುಳಿಬಿದ್ದಿತ್ತು.

“ಅಂಟು ಹಾಕೇ ಇಲ್ಲ ನೋಡಿ!” ಬಡಗಿ ಮಾವ ವಾದ್ಯ ಮಾಡಿದವನ ತಲೆಯ ಮೇಲೆ ಗೂಬೆ ಕೂರಿಸಿದ.

ಹೆಂಡತಿ ಓಡಿಹೋಗಿ ಮೇಲ್ಮನೆಯ ದಂತವೈದ್ಯೆಯನ್ನು ಕರೆತಂದಳು. ಆಕೆ ಪುಟ್ಟ ಕನ್ನಡಿ, ಉದ್ದ ಚಿಮಟ, ಟಾರ್ಚು ಹಿಡಿದು ವಾದ್ಯದ ರಂಧ್ರಕ್ಕೆ ಬಗ್ಗಿದಳು.

“ಪೂರ್ತಿ ಬುಡದಿಂದ ಬಂದಿದೆ. ಯಾಕೆ ಮೊದಲೇ ತೋರಿಸ್ಲಿಲ್ಲ?”

“ಅದು ಹಲ್ಲಲ್ಲ, ಡಾಕ್ಟ್ರೇ.”

“ಎಲ್ರೂ ಏನೋ ಒಂದು ನೆಪ ಹೇಳ್ತಾರೆ.”

ಅವನೂ ಇಣುಕಿದ. ಒಳಗೊಂದು ಜೇನುಬಣ್ಣದ ಕೋಣೆ. ಬೆಳಕಿನಲ್ಲಿ ಧೂಳಿನ ಕಣಗಳು ಅವಸರವಿಲ್ಲದೆ ತೇಲುತ್ತಿದ್ದವು. ಇಲ್ಲೇ ಒಂದು ಚಾಪೆ ಹಾಸಿಕೊಂಡು ಇದ್ದುಬಿಡಬಹುದು ಅನ್ನಿಸಿತು. ಹೆಂಡತಿ ತಿವಿದಾಗ ಹೊರಗೆ ಬಂದ.

ಮೂರನೆಯ ಯತ್ನಕ್ಕೆ ಕೋಲು ನಿಂತಿತು. ಬಡಗಿ ಮಾವ ಮೂಲೆಮಟ್ಟ ಹಿಡಿದು ಕುದುರೆಯ ಎರಡೂ ಪಾದ ಊರುವಂತೆ ಕೂರಿಸಿದ. ತಂತಿ ಬಿಗಿದು ಕಮಾನು ಎಳೆದರೆ ಸ್ವರ ಎಣ್ಣೆ ಸುರಿದಂತೆ ಬಂತು. ವಾದಕನಿಗೆ ಸಂತೋಷದಿಂದ ಅಳುವೇ ಬಂತು.

ನಾಲ್ಕಕ್ಕೆ ರಂಗಮಂದಿರ. ವಾದ್ಯ ಹೊರಲು ಕೈ ಕೊಟ್ಟ ಬಡಗಿ ಮಾವ ಮೊದಲ ಸಾಲಿನಲ್ಲಿ ಕಾಲು ಚಾಚಿ ಕುಳಿತ. ದೀಪ ಆರಿ ನೀಲಿ ಬೆಳಕು ಬಿತ್ತು. ವಾದಕ ಬಾರಿಸಿದ.

“ನಿಲ್ಲಿಸಿ. ನಿನ್ನೆ ಗೊರಗೊರ ಅಂತಿತ್ತಲ್ಲ, ಅದೆಲ್ಲಿ?” ಎಂದಳು ನಿರ್ದೇಶಕಿ.

“ಅದು ದೋಷ. ಇವತ್ತು ಸರಿ ಮಾಡಿಸ್ದೆ.”

“ನನಗೆ ಬೇಕಾಗಿದ್ದೇ ಅದು!”

ವಾದಕ ಗಡಬಡಿಸಿ ತಂತಿ ಸಡಿಲಿಸಿ ಕುದುರೆಯನ್ನು ಮುಂದಕ್ಕೆ ವಾಲಿಸಿದ, ಹಿಂದಕ್ಕೆ ಎಳೆದ. ಸ್ವರ ಇನ್ನಷ್ಟು ಇಂಪಾಯಿತೇ ಹೊರತು ಗೊರಗುಟ್ಟಲಿಲ್ಲ. ಕಣ್ಣುಮುಚ್ಚಿ ಇನ್ನೊಮ್ಮೆ ಬಾರಿಸಿದ, ಮತ್ತೂ ಒಮ್ಮೆ ಬಾರಿಸಿದ. ಆಗ ನೀಲಿ ಕತ್ತಲಲ್ಲಿ ಆಳದಿಂದೆಲ್ಲೋ ಎದ್ದು ಬಂತು, ಗೊರ್‌ರ್‌ರ್.

“ಇದೇ! ಇದೇ ಸದ್ದು!” ನಿರ್ದೇಶಕಿ ಪಿಸುಗುಟ್ಟಿದಳು.

ವಾದಕ ಹಿಗ್ಗಿ ಕಣ್ಣು ತೆರೆದ. ಕಮಾನು ತಂತಿಯಿಂದ ಎದ್ದು ಆಗಲೇ ಎಷ್ಟೋ ಹೊತ್ತಾಗಿತ್ತು. ಮೊದಲ ಸಾಲಿನಲ್ಲಿ ಬಡಗಿ ಮಾವ ಕುಳಿತಲ್ಲೇ ಬಾಯಿ ತೆರೆದು ನಿದ್ದೆಹೋಗಿದ್ದ. ನಿರ್ದೇಶಕಿ ತುದಿಗಾಲಲ್ಲಿ ಹೋಗಿ ಒಪ್ಪಂದದ ಕಾಗದವನ್ನು ಬಡಗಿ ಮಾವನ ಮಡಿಲಲ್ಲಿ ಇಟ್ಟಳು.

“ಹಾಗಾದ್ರೆ ನನ್ನ ಕೆಲಸ?”

“ಶ್! ನೀವು ಬಾರಿಸ್ತಾ ಇರಿ, ಅವರಿಗೆ ಎಚ್ಚರ ಆಗ್ಬಾರ್ದು. ಇವತ್ತೊಂದಿನ ಸಾಕು. ನಾಳೆಯಿಂದ ಅವರೇ ಮಲಗಿಕೊಳ್ತಾರೆ.”