ಅರಮನೆಯ ಗೋಡೆಯ ಮೇಲೆ ರಾಮಾಯಣವನ್ನು ಹಿಂದಕ್ಕೆ ನಡೆಸಿದವರಿಗೆ

ನೈರೋಬಿಯ ಪಾರ್ಕ್‌ಲ್ಯಾಂಡ್ಸಿನಲ್ಲಿರುವ ಸುಯಾತ್ರಾ ಟೂರ್ಸಿನ ವ್ಯವಸ್ಥಾಪಕರೂ, ಆಗಸ್ಟ್ ರಜೆಯ ಬ್ಯಾಂಕಾಕ್ ಪ್ರವಾಸದುದ್ದಕ್ಕೂ ನಮ್ಮೆಲ್ಲರ ಕಾಲುಗಳ ಏಕೈಕ ಮಾಲೀಕರೂ ಆಗಿದ್ದ ಶ್ರೀ ಗೋಪಿನಾಥ್ ಅವರ ಸನ್ನಿಧಿಗೆ, ನೈರೋಬಿಯದೇ ಕಿಲೆಲೆಶ್ವಾದ ಬಾಡಿಗೆ ಫ್ಲ್ಯಾಟೊಂದರಿಂದ ಉಮಾಕಾಂತನ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಿನ್ನೆ ನಮ್ಮ ವಾಟ್ಸ್ಯಾಪ್ ಗುಂಪಿಗೆ ತಾವು ಹಾಕಿದ ಸಂದೇಶದಿಂದ ತಿಳಿದು ಸಂತೋಷವಾಯಿತು. ಅರಮನೆಯಲ್ಲಿ ಕೆಲವು ಮಹಿಳೆಯರ ಅಶಿಸ್ತಿನಿಂದ ಕಾರ್ಯಕ್ರಮ ಕೆಟ್ಟಿತೆಂದೂ, ಅವರ ಮುಂದಾಳಾದ ಲೀಲಾ ಮೇಡಂ ಕ್ಷಮೆ ಕೇಳುವವರೆಗೆ ಅವರಲ್ಲಿ ಯಾರಿಗೂ ಮುಂದಿನ ಪ್ರವಾಸದಲ್ಲಿ ಜಾಗವಿಲ್ಲವೆಂದೂ ತಾವು ಅದರಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಸದರಿ ಲೀಲಾ ನನ್ನ ಹೆಂಡತಿ. ಅಪ್ಪಣೆಯನ್ನು ಊರಿನ ಕನ್ನಡಿಗರೆಲ್ಲ ಓದಿರುವುದರಿಂದ ಉತ್ತರವೂ ಅವರೆಲ್ಲರ ಕಣ್ಣಿಗೆ ಬೀಳಲೆಂದು ನಮ್ಮ ಸಂಘದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ವೇಗವನ್ನು ಹೊಗಳದಿದ್ದರೆ ಕೃತಘ್ನನಾದೇನು. ಮಲಗಿರುವ ಬುದ್ಧನನ್ನು ತಾವು ನಮಗೆ ಎಷ್ಟು ನಾಜೂಕಾಗಿ ತೋರಿಸಿದಿರೆಂದರೆ, ಅಷ್ಟೊಂದು ಜನ ಬಂದುಹೋದದ್ದು ಆತನ ಗಮನಕ್ಕೂ ಬಂದಿರಲಾರದು, ನಮ್ಮ ಗಮನಕ್ಕೂ ಸರಿಯಾಗಿ ಬರಲಿಲ್ಲ. ನದಿಯಾಚೆಯ ದೊಡ್ಡ ಗೋಪುರವನ್ನು ದೋಣಿಯ ಎಡಬದಿಯವರು ನೋಡಿದರು. ನಾವು ಬಲಬದಿಯವರು ಅದನ್ನು ನೋಡುತ್ತಿರುವವರ ಬೆನ್ನುಗಳನ್ನು ನೋಡಿದೆವು. ಬೆನ್ನುಗಳಲ್ಲೂ ಭಕ್ತಿ ಕಾಣುತ್ತದೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇನ್ನು ಅಶಿಸ್ತಿನ ವಿಷಯ. ಪಾರ್ಕ್‌ಲ್ಯಾಂಡ್ಸಿನ ದೇವಸ್ಥಾನದಲ್ಲಿ ನಮ್ಮ ಹೆಂಗಸರು ಪ್ರತಿ ರಾಮನವಮಿಗೂ ರಾಮಾಯಣದ ಪಾರಾಯಣ ಮಾಡುವುದು ತಮಗೆ ತಿಳಿದೇ ಇದೆ. ಪ್ರಸಾದದ ಹೊತ್ತಿಗೆ ತಾವು ತಪ್ಪಿಸಿಕೊಂಡದ್ದನ್ನು ನಾನು ಕಂಡಿಲ್ಲ. ಈ ವರ್ಷ ಓದುವ ಸರದಿ ಲೀಲಾಳದ್ದು. ಯುದ್ಧಕಾಂಡದಲ್ಲಿ ಲಕ್ಷ್ಮಣ ಮೂರ್ಛೆ ಹೋದ ಕಡೆಗೆ ಬರುವಷ್ಟರಲ್ಲಿ ಅವಳ ಗಂಟಲು ಪೂರ್ತಿ ಕಟ್ಟಿಹೋಯಿತು. ಪಕ್ಕದ ಆಸ್ಪತ್ರೆಯ ವೈದ್ಯರು ಕೆಲವು ತಿಂಗಳು ಮಾತೇ ಬೇಡವೆಂದರು. ಪಾರಾಯಣಕ್ಕೆ ಕೂತವರು ಅಂಥ ಕಡೆ ಪುಸ್ತಕ ಮುಚ್ಚುವುದಿಲ್ಲ. ಬಿದ್ದವರು ಏಳಬೇಕು, ಪಟ್ಟಾಭಿಷೇಕವಾಗಬೇಕು, ಆಮೇಲೆ ಮಂಗಳಾರತಿ. ಬೇರೆಯವರು ಮುಂದುವರಿಸಲಿ ಎಂದು ಅವಳು ಸನ್ನೆ ಮಾಡಿದರೆ, ಅವಳ ಗೆಳತಿ ಭಾರ್ಗವಿ, "ಅದೆಲ್ಲ ಆಗಲ್ಲ ಕಣೇ, ಶುರು ಮಾಡಿದೋಳು ನೀನು, ನೀನೇ ಮುಗಿಸ್ಬೇಕು" ಎಂದುಬಿಟ್ಟರು. ಹೀಗೆ ಏಪ್ರಿಲ್‌ನಿಂದ ಲಕ್ಷ್ಮಣ ನಮ್ಮ ಮನೆಯಲ್ಲಿ ಬಿದ್ದಿದ್ದ. ಊಟದ ಮೇಜಿನಲ್ಲಿ, ಅಪ್ಪರ್ ಹಿಲ್ಲಿನ ಟ್ರಾಫಿಕ್ಕಿನಲ್ಲಿ, ಲೀಲಾಳ ಮೌನದಲ್ಲಿ ನಾವು ಅವನನ್ನು ದಾಟಿಕೊಂಡು ಓಡಾಡುತ್ತಿದ್ದೆವು. ಬ್ಯಾಂಕಾಕಿನ ಅರಮನೆಯ ಗುಡಿಯ ಸುತ್ತುಪೌಳಿಯಲ್ಲಿ ಇಡೀ ರಾಮಾಯಣವನ್ನು ಚಿತ್ರಗಳಲ್ಲಿ ಬರೆದಿದ್ದಾರೆಂದು ತಮ್ಮ ಜಾಹೀರಾತಿನಲ್ಲಿ ಓದಿದ ದಿನ, ಇನ್ನೂ ಪಿಸುಮಾತಿನಲ್ಲೇ ಇದ್ದ ಅವಳು, "ರೀ, ಹೋಗೋಣ" ಎಂದಳು.

ಆ ಸುತ್ತುಪೌಳಿಯಲ್ಲಿ ತಾವು ಮಾಡಿದ ಪವಾಡವನ್ನು ಈಗ ವರ್ಣಿಸಬೇಕು. ಚಿತ್ರಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ತಾವು "ಆ ಕಡೆ ಸಿಕ್ಕಾಪಟ್ಟೆ ರಶ್ ಸಾರ್, ಉಲ್ಟಾ ಹೋದ್ರೆ ಆರಾಮು" ಎಂದು ಸೀಟಿ ಊದಿ ನಮ್ಮನ್ನು ಪಟ್ಟಾಭಿಷೇಕದಿಂದ ಹಿಂದಕ್ಕೆ ನಡೆಸಿದಿರಿ. ನಮ್ಮ ಕಣ್ಣೆದುರಿಗೇ ರಾಮ ಸಿಂಹಾಸನದಿಂದ ಇಳಿದ, ಸತ್ತ ರಾವಣ ಎದ್ದ, ಬಾಣಗಳು ಎದೆಗಳಿಂದ ಕಿತ್ತುಕೊಂಡು ಬತ್ತಳಿಕೆಗೆ ಮರಳಿದವು. ರಾಕ್ಷಸ ಕುಲಕ್ಕೆ ಇಷ್ಟು ಉಪಕಾರವನ್ನು ಯುಗಗಳಲ್ಲಿ ಯಾರೂ ಮಾಡಿಲ್ಲ. ಅಲ್ಲಿನ ಹನುಮಂತ ಹೆಂಗಸೊಬ್ಬಳ ಕೈಹಿಡಿದು ನಿಂತದ್ದನ್ನು ಕಂಡು ಭಾರ್ಗವಿಯವರು "ನಮ್ಮ ಹನುಮಂತ ಅಲ್ಲ ಬಿಡ್ರೀ, ಅವನ ಕಸಿನ್ ಇರ್ಬೇಕು" ಎಂದು ಸಮಾಧಾನ ಮಾಡಿಕೊಂಡರಾದರೂ, ಗುಡಿಯನ್ನು ಎಡಕ್ಕಿಟ್ಟುಕೊಂಡು ಅಪ್ರದಕ್ಷಿಣೆ ಬರುತ್ತಿದ್ದೇವೆಂಬುದಕ್ಕೆ ಅವರಲ್ಲೂ ಸಮಾಧಾನವಿರಲಿಲ್ಲ.

ತಾವು ಎರಡನೆಯ ಸೀಟಿ ಊದಿ, "ಟೈಮ್ ಆಯ್ತು, ನೆಕ್ಸ್ಟ್ ಜ್ಯುವೆಲರಿ ಶಾಪು" ಎಂದು ಘೋಷಿಸಿದಾಗ ಲೀಲಾ ನಿಂತಿದ್ದದ್ದು ಲಕ್ಷ್ಮಣನ ಮುಂದೆ. ಬಂಗಾರದ ಬಣ್ಣದ ಮೈ, ಎದೆಯಲ್ಲಿ ಶಕ್ತ್ಯಾಯುಧ, ಪಕ್ಕದಲ್ಲಿ ತಲೆ ತಗ್ಗಿಸಿದ ಅಣ್ಣ. ಅವಳು ಅಲ್ಲೇ ನೆಲದ ಮೇಲೆ ಕೂತಳು, ಪಾರಾಯಣದ ಉಳಿದ ಹೆಂಗಸರೂ ಅವಳ ಸುತ್ತ ನಿಂತುಬಿಟ್ಟರು. "ಮೇಡಂ, ಏಳಿ ಮೇಡಂ, ಬಸ್ಸು ಕಾಯಲ್ಲ" ಎಂದಿರಿ. "ಇವನು ಏಳ್ಲಿ, ಆಮೇಲೆ ನಾನು ಏಳ್ತೀನಿ" ಎಂದಳು. ಏಪ್ರಿಲ್ಲಿನ ನಂತರ ಅವಳು ಯಾರಿಗಾದರೂ ಕೇಳುವಂತೆ ಆಡಿದ ಮೊದಲ ಮಾತು ಅದು. ತಾವು ಅದನ್ನು ಅಶಿಸ್ತೆಂದು ಕೇಳಿಸಿಕೊಂಡಿರಿ. ತಪ್ಪಲ್ಲ, ತಮಗೆ ಹಿಂದಿನ ಮೌನದ ಪರಿಚಯವಿರಲಿಲ್ಲ.

ನಮ್ಮ ಊರಿನ ಮಟಾಟು ವ್ಯಾನು ಕೂಡ ಭರ್ತಿಯಾಗದೆ ಹೊರಡುವುದಿಲ್ಲ. ತಮ್ಮ ಬಸ್ಸು ಪಾರಾಯಣದ ಹೆಂಗಸರನ್ನೆಲ್ಲ ಬಿಟ್ಟು, ಗಂಡಂದಿರನ್ನಷ್ಟೇ ತುಂಬಿಕೊಂಡು ಆಭರಣದಂಗಡಿಗೆ ಹೋಯಿತು. ಹೆಂಡತಿಯರಿಲ್ಲದೆ ಆಭರಣದಂಗಡಿಗೆ ಹೋದ ಗಂಡಂದಿರು ಅಲ್ಲಿನ ಏಸಿಯನ್ನು ಮೆಚ್ಚಿಕೊಂಡರೇ ಹೊರತು ಬೇರೇನನ್ನೂ ಅಲ್ಲವೆಂದು ಕೇಳಿದ್ದೇನೆ. ತಮ್ಮ ಸಂದೇಶದ ಖಾರದ ಮೂಲ ಇದೇ ಇರಬಹುದೆಂದು ಯಾರೋ ಅಂದರು; ನಾನು ನಂಬಲಿಲ್ಲ.

ನಾನು ಹೆಂಗಸರ ಜೊತೆ ಉಳಿದೆ. ಲೀಲಾ ಎದ್ದು, ಬೆನ್ನು ತಿರುಗಿಸಿ, ಬಂದ ದಾರಿಯಲ್ಲೇ ಸರಿಯಾದ ದಿಕ್ಕಿಗೆ ನಡೆದಳು. ಹನುಮಂತ ಬೆಟ್ಟಕ್ಕೆ ಹೋಗಿ ಮದ್ದು ತಂದ. ಲಕ್ಷ್ಮಣ ಎದ್ದ. ತಾವು ಬದುಕಿಸಿದ್ದ ರಾವಣನನ್ನು ಮತ್ತೊಮ್ಮೆ ಕೊಲ್ಲಬೇಕಾಯಿತು. ಪಟ್ಟಾಭಿಷೇಕದ ಮುಂದೆ ಅವಳು ಮಂಗಳ ಶ್ಲೋಕ ಶುರುಮಾಡಿದಳು. ಮೊದಲ ಸಾಲು ಒಡಕು ದನಿಯಲ್ಲಿ ಬಂತು, ಎರಡನೆಯದಕ್ಕೆ ಗಾಳಿಯಷ್ಟೇ ಬಂತು. ಭಾರ್ಗವಿಯವರೂ ಉಳಿದವರೂ ಕಾದರು; ಯಾರೂ ಸೇರಿಕೊಳ್ಳಲಿಲ್ಲ. ಮೂರನೆಯ ಸಾಲಿಗೆ ದನಿ ಮರಳಿತು. ಕಾವಲಿನವನು ಹತ್ತಿರ ಬಂದು, ಮುಗಿಯುವ ತನಕ ಕೈಮುಗಿದು ನಿಂತು, ಆಮೇಲೆ ಗೋಡೆಯಿಂದ ಸ್ವಲ್ಪ ದೂರ ನಿಲ್ಲಿರೆಂದು ಸನ್ನೆ ಮಾಡಿದ.

ಆದಕಾರಣ ಕ್ಷಮೆಗೆ ಪ್ರತಿಯಾಗಿ ಕೆಲವು ಬಿನ್ನಹಗಳು. ಇತಿಹಾಸವನ್ನು ಹಿಂದಕ್ಕೆ ನಡೆಸುವ ವಿದ್ಯೆ ತಮಗೆ ಸಿದ್ಧಿಸಿರುವುದರಿಂದ, ನಮ್ಮನ್ನು ಹೊರಟ ದಿನಕ್ಕಿಂತ ಮುಂಚೆಯೇ ನೈರೋಬಿಗೆ ಇಳಿಸಿ, ಖರ್ಚಾದ ರಜೆಯನ್ನು ಆಫೀಸಿನಿಂದ ವಾಪಸು ಕೊಡಿಸಬೇಕು. ಆಭರಣದಂಗಡಿಯನ್ನೂ ಉಲ್ಟಾ ಕ್ರಮದಲ್ಲೇ ತೋರಿಸಬೇಕು. ಹೊರಗೆ ಬರುವುದರಿಂದ ಆರಂಭಿಸಿ ಅಲ್ಲಿಗೇ ನಿಲ್ಲಿಸಿದರೂ ಅಡ್ಡಿಯಿಲ್ಲ. ಅದು ಕಷ್ಟವಾದರೆ ಆ ಗೋಡೆಯನ್ನೇ ಪಾರ್ಕ್‌ಲ್ಯಾಂಡ್ಸಿಗೆ ತರಿಸಿ. ಜಾಗವನ್ನು ನಾವು ಹೊಂದಿಸಿಕೊಳ್ಳುತ್ತೇವೆ.

ಕ್ಷಮೆಯ ಬಗ್ಗೆ ಲೀಲಾಳನ್ನು ಕೇಳಿದೆ. ಗಟ್ಟಿಯಾಗಿ ನಕ್ಕಳು. ಆ ನಗುವನ್ನು ತಾವು ಕ್ಷಮೆಯೆಂದೇ ಸ್ವೀಕರಿಸಬೇಕಾಗಿ ವಿನಂತಿ. ಅದಕ್ಕಿಂತ ಹೆಚ್ಚಿನದನ್ನು ಕೊಡಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲ, ಎಲ್ಲರೂ ಅವಳ ಮಾತು ಕೇಳುವುದರಲ್ಲಿದ್ದೇವೆ.

ಸರಿಯಾದ ದಿಕ್ಕಿನಲ್ಲಿ ನಿಧಾನವಾಗಿ ನಡೆಯುತ್ತಿರುವ
ತಮ್ಮ ವಿಶ್ವಾಸಿ,
ಉಮಾಕಾಂತ

ಮರೆತ ಮಾತು: ಮುಂದಿನ ರಾಮನವಮಿಗೂ ಲೀಲಾಳೇ ಓದುವುದೆಂದು ಹೆಂಗಸರು ತೀರ್ಮಾನಿಸಿದ್ದಾರೆ. ತಮಗೆ ವಿಶೇಷ ಆಹ್ವಾನವಿದೆ. ಮೊದಲ ಶ್ಲೋಕದಿಂದ ಕೊನೆಯದರವರೆಗೆ ಕೂರಬೇಕು. ಬಾಗಿಲ ಬಳಿಯ ಸಾಲನ್ನು ಮಾತ್ರ ದಯವಿಟ್ಟು ಕೇಳಬೇಡಿ. ಅದನ್ನು ನಾವು ಗಂಡಂದಿರು ಆಗಲೇ ಹಿಡಿದುಬಿಟ್ಟಿದ್ದೇವೆ.